ಬೇಯಿಸುವ ಕಾಳು, ಬಿತ್ತುವ ಕಾಳು

ಕೈತೋಟದಲ್ಲಿ ಸೊಪ್ಪು ಹಾಕಿದ್ದೀನಿ ಅಂದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಟೊಮೆಟೊ, ಬದನೆ, ಹೀರೇಕಾಯಿಗೂ ವಿವರಣೆ ಬೇಡ. ಒಣಕಾಳು ಬೆಳೀತೀನಿ ಅಂದರೆ ಮಾತ್ರ ಎದುರಿನವರ ಮುಖದಲ್ಲಿ ಲೆಕ್ಕಾಚಾರ ಶುರುವಾಗುತ್ತದೆ. ಅಂಗಡಿಯಲ್ಲಿ ಅಲಸಂದೆ ಕಿಲೋಗೆ ನೂರು ಚಿಲ್ಲರೆ ರೂಪಾಯಿ. ನಮ್ಮ ಹಿತ್ತಲಿನ ಎರಡು ಮಡಿಯಿಂದ ಒಂದು ಬೆಳೆಗೆ ಸಿಗುವುದು ಹೆಚ್ಚೆಂದರೆ ಒಂದು ಕಿಲೋ. ತಿಂಗಳುಗಟ್ಟಲೆ ನೀರು, ಗೊಬ್ಬರ, ಕಳೆ, ಹುಳದ ಕಾಟ. ಕೊನೆಗೆ ಕೈಗೆ ಬರುವುದು ನೂರು ರೂಪಾಯಿಯ ಮಾಲು. ಈ ಲೆಕ್ಕದಲ್ಲಿ ತಪ್ಪೇನಿಲ್ಲ. ರೂಪಾಯಿ ನೋಡಿ ತೋಟ ಮಾಡುವವರು ಒಣಕಾಳಿನ ತಂಟೆಗೆ ಹೋಗದಿರುವುದೇ ವಾಸಿ.

ಆದರೂ ಮೈಸೂರಿನ ಈ ಸಣ್ಣ ಹಿತ್ತಲಲ್ಲಿ ನಾನು ಅಲಸಂದೆಗೆ, ಅವರೆಗೆ, ಒಂದು ಮೂಲೆಯಲ್ಲಿ ರಾಜ್ಮಾಕ್ಕೆ ವರ್ಷ ವರ್ಷವೂ ಜಾಗ ಬಿಡುತ್ತೇನೆ. ಬೇರೆ ತರಕಾರಿಗಳಲ್ಲಿ ತಿನ್ನುವುದು ಒಂದು, ಬಿತ್ತುವುದು ಇನ್ನೊಂದು. ಬೀಜಕ್ಕೆ ಬಿಟ್ಟ ಬೆಂಡೆಕಾಯಿ ನಾರಾಗಿ ಬಾಯಿಗೆ ಆಗುವುದಿಲ್ಲ. ದಂಟಿನ ಸೊಪ್ಪು ಬೀಜ ಕಟ್ಟಿತೆಂದರೆ ಅಡುಗೆಮನೆಗೂ ಅದಕ್ಕೂ ಋಣ ಮುಗಿದ ಹಾಗೆಯೇ. ಒಣಕಾಳಿನಲ್ಲಿ ಮಾತ್ರ ಎರಡೂ ಒಂದೇ. ಡಬ್ಬದಲ್ಲಿರುವ ಒಂದೊಂದು ಕಾಳೂ ಸಾರಿಗೂ ಆಗುತ್ತದೆ, ಮಡಿಗೂ ಆಗುತ್ತದೆ. ಬೇಯಿಸಿದ್ದು ಮತ್ತೆ ಬಿತ್ತಲಿಕ್ಕಿಲ್ಲ, ಬಿತ್ತಿದ್ದು ಇವತ್ತಿನ ಊಟಕ್ಕಿಲ್ಲ. ಡಬ್ಬದ ಮುಚ್ಚಳ ತೆಗೆದಾಗಲೆಲ್ಲ ಈ ಜಗ್ಗಾಟ ಸಣ್ಣದಾಗಿ ಇದ್ದೇ ಇರುತ್ತದೆ. ನನಗೆ ಒಣಕಾಳು ಹಿಡಿಸಿರುವುದೇ ಈ ಜಗ್ಗಾಟಕ್ಕೆ.

ಅದೇನೂ ಹೊಸದಲ್ಲ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಬಾಳಿದ ಜಾಗ ಅಗೆದಾಗ ಸುಟ್ಟು ಕರಿಕಾದ ಹುರುಳಿ, ಹೆಸರು ಕಾಳುಗಳು ಸಿಕ್ಕಿವೆ. ಸುಮಾರು 4000 ವರ್ಷ ಹಳೆಯವು. ಒಲೆಯ ಬದಿ ಚೆಲ್ಲಿ ಬೆಂಕಿಗೆ ಸಿಕ್ಕು ಕರಿಯಾದ ಕಾರಣಕ್ಕೇ ಅವು ಉಳಿದವು. ಬೇಸಿಗೆಯ ಕೊನೆಯಲ್ಲಿ ಹೊಟ್ಟೆ ಒಂದು ಕಡೆ, ಬರಲಿರುವ ಮಳೆ ಇನ್ನೊಂದು ಕಡೆ ಇಟ್ಟುಕೊಂಡು ಮಡಕೆಯೊಳಗೆ ಇಣುಕಿದವರು ಅಲ್ಲೂ ಇದ್ದೇ ಇರುತ್ತಾರೆ. ನನಗಾದರೋ ಪಕ್ಕದ ರಸ್ತೆಯಲ್ಲೇ ದಿನಸಿ ಅಂಗಡಿ.

ಕಾಳಿಗೆಂದು ಬೆಳೆಯುವುದರಲ್ಲಿ ದೊಡ್ಡ ಕೆಲಸ ಕೈ ಕಟ್ಟಿ ಕೂರುವುದು. ಕಾಯಿ ಎಳೆಯದಾಗಿ, ನುಣುಪಾಗಿ ಕಣ್ಣ ಮುಂದೆ ತೂಗುತ್ತಿರುತ್ತದೆ, ಕೀಳಬಾರದು. ಇನ್ನೆರಡು ವಾರ ಕಳೆದರೆ ಕಾಳು ತುಂಬಿ ಉಬ್ಬುತ್ತದೆ, ಆಗಲೂ ಕೀಳಬಾರದು. ನಮ್ಮ ಕಡೆಯವರಿಗೆ ಇದಕ್ಕಿಂತ ಕಷ್ಟದ ವ್ರತ ಇನ್ನೊಂದಿಲ್ಲ. ಡಿಸೆಂಬರ್ ಬಂತೆಂದರೆ ಮೈಸೂರಿನಿಂದ ಮಾಗಡಿಯವರೆಗೆ ರಸ್ತೆಬದಿಯಲ್ಲೆಲ್ಲ ಅವರೆಕಾಯಿ ರಾಶಿ. ಬೆಂಗಳೂರಿನಲ್ಲಿ ಅವರೆಕಾಳಿಗೆಂದೇ ಮೇಳ ನಡೆಯುತ್ತದೆ. ಉಪ್ಪಿಟ್ಟಿಗೆ ಅವರೆಕಾಳು, ರೊಟ್ಟಿಗೆ ಅವರೆಕಾಳು, ನೆನೆಸಿ ಸಿಪ್ಪೆಯಿಂದ ಹಿದುಕಿದರೆ ಹಿದಕವರೆ ಸಾರು. ಸಂಕ್ರಾಂತಿಯ ದಿನ ಗೆಣಸು, ಕಡಲೆಕಾಯಿ ಜೊತೆ ಇಡೀ ಅವರೆಕಾಯಿಯನ್ನೇ ಬೇಯಿಸಿ ಇಡುತ್ತಾರೆ. ಇಂಥ ಊರಲ್ಲಿ ಮನೆಯ ಚಪ್ಪರದ ಮೇಲೆ ಅವರೆಯನ್ನು ಒಣಗಲಿಕ್ಕೆ ಬಿಟ್ಟರೆ ನೋಡಿದವರಿಗೆ ಹೊಟ್ಟೆ ಉರಿಯುತ್ತದೆ.

ನಮ್ಮತ್ತೆ ಮಂಡ್ಯ ಕಡೆಯವರು. ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಬಿಟ್ಟು ಅವರೆ, ತೊಗರಿ, ಹುಚ್ಚೆಳ್ಳು ಹಾಕುತ್ತಿದ್ದ ಮನೆಯಲ್ಲಿ ಬೆಳೆದವರು. ಅವರ ಪ್ರಕಾರ ಒಣಕಾಳು ಹೊಲದ ಬಾಬ್ತು, ಹಿತ್ತಲಿನದ್ದಲ್ಲ.

“ಎಳೇದಾಗಿರುವಾಗ ಕಿತ್ಕೊಳ್ಳೋದು ಬಿಟ್ಟು, ಒಣಗಿಸಿ ಈ ಸೈಟಲ್ಲಿ ಏನು ಕಣ ಮಾಡ್ತೀಯಮ್ಮ?”

“ಆ ಕೊನೇ ನಾಕು ಬಳ್ಳಿ ಮಾತ್ರ ಬಿಡಿ ಅತ್ತೆ. ಅದು ಕಾಳಿಗೆ.”

“ಬಿಟ್ಟೆ ತಗೋ. ಗಿಣಿ ಬಿಡ್ಬೇಕಲ್ಲ.”

ಒಂದೇ ಬಳ್ಳಿಯಿಂದ ಸ್ವಲ್ಪ ಹಸಿ ಕಿತ್ತು ಸ್ವಲ್ಪ ಒಣಗಲು ಬಿಟ್ಟರಾಯಿತಲ್ಲ ಅನ್ನುತ್ತಾರೆ. ಹಾಗೆ ಮಾಡಿದರೆ ಎರಡೂ ಅರೆಬರೆ. ಎಳೆಗಾಯಿ ಕೀಳುತ್ತ ಹೋದಷ್ಟು ದಿನ ಗಿಡ ಹೊಸ ಹೂ ಬಿಡುತ್ತ ಹೋಗುತ್ತದೆ. ಒಂದಿಷ್ಟು ಕಾಯಿ ಬಲಿತು ಒಳಗೆ ಬೀಜ ಗಟ್ಟಿಯಾಗತೊಡಗಿತೋ, ಅಲ್ಲಿಗೆ ಅದರ ಧಾವಂತ ಮುಗಿಯಿತು. ಎಲೆಯಲ್ಲಿದ್ದ ಸಕ್ಕರೆ, ಸಾರಜನಕವನ್ನೆಲ್ಲ ಕಾಳಿಗೆ ಇಳಿಸಿ, ಎಲೆ ಹಳದಿ ಮಾಡಿಕೊಂಡು ಕೂರುತ್ತದೆ. ಹಾಗಾಗಿ ಪಲ್ಯದ ಗಿಡ ಬೇರೆ, ಕಾಳಿನ ಗಿಡ ಬೇರೆ. ಕಾಳಿನ ಗಿಡಕ್ಕೆ ನಾನು ಕೆಂಪು ದಾರ ಕಟ್ಟುತ್ತೇನೆ. ದಾರ ಕಂಡರೆ ಮನೆಯವರಾರೂ ಕೈ ಹಾಕುವಂತಿಲ್ಲ. (ಗಿಣಿಗಳಿಗೆ ಈ ಕಾನೂನು ಅನ್ವಯವಾಗಿಲ್ಲ. ಅತ್ತೆ ಹೇಳಿದ್ದು ಸರಿಯೇ.)

ಹಸಿ ಅವರೆಯ ರುಚಿ ಒಣಕಾಳಿಗೆ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಸೊಗಡು ಇರುವುದು ಕಾಯಿಯ ಸಿಪ್ಪೆಯ ಮೇಲೆ. ಬಿಡಿಸಿದಾಗ ಬೆರಳಿಗೆ ಅಂಟಿ, ಸೋಪು ಹಾಕಿ ತೊಳೆದರೂ ಬಿಡದ ಆ ಎಣ್ಣೆ ಹಸಿಗಾಯಿಯ ಕಾಲಕ್ಕೆ ಮಾತ್ರ. ಕಾಯಿ ಒಣಗಿ ಸಿಪ್ಪೆ ಗರಿಗರಿಯಾಗುವ ಹೊತ್ತಿಗೆ ಅದೂ ಹೋಗಿರುತ್ತದೆ. ಒಣ ಅವರೆಗೆ ಅದರದೇ ಗುಣ: ಬೆಂದರೆ ಬೆಣ್ಣೆಯಷ್ಟು ಮೆತ್ತಗೆ, ಹುರಿದು ಬೇಯಿಸಿದರೆ ಬೇರೆಯೇ ಘಮ. ಒಂದನ್ನು ಇನ್ನೊಂದರ ಜಾಗಕ್ಕೆ ಕೂರಿಸಲು ಹೋಗಬಾರದು ಅಷ್ಟೇ.

ಅವರೆಯ ನಾಟಿ ತಳಿಗಳಿಗೆ ಇನ್ನೊಂದು ಹಠ ಇದೆ. ಜೂನ್‌ನಲ್ಲಿ ಹಾಕಿ, ಆಗಸ್ಟ್‌ನಲ್ಲಿ ಹಾಕಿ, ಹೂವು ಮಾತ್ರ ಹಗಲು ಚಿಕ್ಕದಾದ ಮೇಲೆಯೇ. ಅಲ್ಲಿಯವರೆಗೆ ಬಳ್ಳಿ ಚಪ್ಪರ ತುಂಬ ಹಬ್ಬಿ ಸೊಪ್ಪು ಸೊಪ್ಪಾಗಿ ನಿಂತಿರುತ್ತದೆ. ನಿಜ ಹೇಳಬೇಕೆಂದರೆ ಇಂಥ ಗಿಡಗಳು ಅಳೆಯುವುದು ರಾತ್ರಿಯನ್ನು, ಅದರಲ್ಲೂ ನಡುವೆ ಬೆಳಕು ಬೀಳದ ರಾತ್ರಿಯನ್ನು. ಇದು ಪುಸ್ತಕದ ಮಾತಾಗಿಯೇ ಉಳಿಯುತ್ತಿತ್ತೇನೋ, ನಮ್ಮ ಕಾಂಪೌಂಡಿನ ಆಚೆ ಬೀದಿದೀಪ ಹಾಕದೇ ಹೋಗಿದ್ದರೆ. ಅದೇ ಚಪ್ಪರ, ಅದೇ ಬೀಜ. ಮನೆಯ ನೆರಳಿಗೆ ಸೇರಿದ ಅರ್ಧ ನವೆಂಬರ್‌ನಲ್ಲಿ ಗೊಂಚಲು ಗೊಂಚಲಾಗಿ ಹೂ ಬಿಟ್ಟಿತು, ದೀಪದ ಬೆಳಕು ಬೀಳುವ ಅರ್ಧ ಹಸಿರು ಎಲೆ ತೋರಿಸುತ್ತ ಕೂತಿತು. ಹೂ ಬಿಡಲು ವಾರಗಟ್ಟಲೆ ತಡ. ಕೆಳಗಿನ ಎಲೆಗಳ ಮರೆಯಲ್ಲಿದ್ದ ಕವಲುಗಳಲ್ಲಿ ಮಾತ್ರ ಮೊದಲೇ ಮೊಗ್ಗು ಕಾಣಿಸಿತು; ಅಲ್ಲಿಗೆ ಬೆಳಕು ತಲುಪುತ್ತಿರಲಿಲ್ಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳು, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಜಯ್, ಅರ್ಕಾ ವಿಜಯ್ ತಳಿಗಳು ಈ ಹಂಗಿಲ್ಲದವು. ಗಿಡ್ಡ ಗಿಡ, ಯಾವ ಕಾಲಕ್ಕೆ ಹಾಕಿದರೂ ಹೂ ಬಿಡುತ್ತವೆ. ಕುಂಡದಲ್ಲಿ ಬೆಳೆಯುವವರಿಗೆ, ಬೀದಿದೀಪದ ಕೆಳಗೆ ಮನೆ ಇರುವವರಿಗೆ ಅವೇ ಸರಿ.

ಒಣಕಾಳಿನ ಮಟ್ಟಿಗಂತೂ ನಾಟಿ ಅವರೆಯ ಹಠ ನಮಗೆ ಅನುಕೂಲವೇ. ನವೆಂಬರ್‌ನಲ್ಲಿ ಹೂ ಬಿಟ್ಟರೆ ಕಾಯಿ ಒಣಗುವುದು ಜನವರಿ ಕೊನೆ, ಫೆಬ್ರವರಿಗೆ. ಮೈಸೂರಿನಲ್ಲಿ ಆಗ ಮಳೆಯ ಸುಳಿವಿರುವುದಿಲ್ಲ. ಅಲಸಂದೆಯ ಕಥೆ ಬೇರೆ. ಅದಕ್ಕೆ ಹಗಲು ರಾತ್ರಿಯ ಗೊಡವೆ ಅಷ್ಟಿಲ್ಲ, ಎರಡೂವರೆ ಮೂರು ತಿಂಗಳಿಗೆ ಕಾಳು ಒಣಗಿಬಿಡುತ್ತದೆ. ಮುಂಗಾರು ಹಿಡಿದ ಮೇಲೆ ಬಿತ್ತಿದರೆ ಕಾಯಿ ಒಣಗುವ ಹೊತ್ತಿಗೆ ಸರಿಯಾಗಿ ಜಡಿಮಳೆ. ಕಾಯಿಯೊಳಗೇ ಕಾಳು ಮೊಳೆತು ಬಿಳಿ ಬಾಲ ಬಿಟ್ಟಿರುತ್ತದೆ. ಅಂಥ ಕಾಲದಲ್ಲಿ ಇಡೀ ಗಿಡ ಒಣಗಲಿ ಅಂತ ಕಾಯುವಂತಿಲ್ಲ. ಸಿಪ್ಪೆ ಹಸಿರು ಬಿಟ್ಟು ಹುಲ್ಲಿನ ಬಣ್ಣಕ್ಕೆ ತಿರುಗಿದ ಕಾಯಿಗಳನ್ನು ಆಗಾಗ ಬಿಡಿಸಿ ತಂದು, ವರಾಂಡದಲ್ಲಿ ಗಾಳಿಗೆ ಹರಡಬೇಕು. ಕಾಳು ಬಲಿತಿದ್ದರೆ ಉಳಿದ ಒಣಗುವಿಕೆ ಗಿಡದ ಮೇಲೇ ಆಗಬೇಕೆಂದೇನಿಲ್ಲ.

ರಾಜ್ಮಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಲ್ಯದ ಬೀನ್ಸೇ ಅದು, ಕಾಳಿಗೆಂದು ಆಯ್ದ ತಳಿ. ಅಮೆರಿಕ ಖಂಡದ್ದು, ತಂಪು ಬೇಕು, ಬಿಸಿಲು ಏರಿದರೆ ಹೂ ಉದುರಿಸುತ್ತದೆ. ಮಳೆ ತಗ್ಗುವ ಕಾಲಕ್ಕೆ ಹಾಕಿದರೆ ಚಳಿಗಾಲದಲ್ಲಿ ಒಂದಿಷ್ಟು ಸಿಗುತ್ತದೆ. ಕೆಂಪು ಕಾಳು ನೋಡಲು ಚೆಂದ ಅಂತ ಹಾಕುತ್ತೇನೆಯೇ ಹೊರತು ನಮ್ಮ ಹವೆಗೆ ಅದು ಹೇಳಿ ಮಾಡಿಸಿದ್ದಲ್ಲ.

ಬೇಳೆಕಾಳು ಹಾಕಿದರೆ ಮಣ್ಣಿಗೆ ಸಾರಜನಕ ಬರುತ್ತದೆ ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಹೂ ಬಿಡುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮಣ್ಣಿನ ಹೆಂಟೆಯ ಸಮೇತ ಅಗೆದು, ಬೇರನ್ನು ಬಕೆಟ್ ನೀರಿನಲ್ಲಿ ಅಲುಗಿಸಿ ತೊಳೆದು ನೋಡಿ. ಬೇರಿನ ಉದ್ದಕ್ಕೂ ಸಾಸಿವೆಯಿಂದ ಮೆಣಸಿನ ಗಾತ್ರದವರೆಗೆ ಗಂಟುಗಳು. ಉಗುರಿನಿಂದ ಒಂದನ್ನು ಸೀಳಿದರೆ ಒಳಗೆ ಗುಲಾಬಿ, ಕೆಲವೊಮ್ಮೆ ರಕ್ತದ ಕೆಂಪು. ಅದು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ, ಲೆಗ್‌ಹಿಮೋಗ್ಲೋಬಿನ್. ಒಳಗಿನ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕವನ್ನು ಹದವಾಗಿ ಅಳೆದು ಕೊಡುತ್ತದೆ. ಕೆಂಪಿದ್ದರೆ ಗಂಟು ಕೆಲಸ ಮಾಡುತ್ತಿದೆ, ಹಸಿರೋ ಬೂದಿಯೋ ಆಗಿದ್ದರೆ ಅದರ ಕಾಲ ಮುಗಿದಿದೆ. ಈ ಗಂಟುಗಳಿಂದಲೇ ಗಿಡಕ್ಕೆ ಗಾಳಿಯ ಸಾರಜನಕ ಸಿಗುತ್ತದೆಂದು ಜರ್ಮನಿಯ ಹೆಲ್‌ರೀಗೆಲ್ ಮತ್ತು ವಿಲ್‌ಫಾರ್ತ್ ತೋರಿಸಿಕೊಟ್ಟಿದ್ದು 1888ರಲ್ಲಿ. ಆದರೆ ಒಣಕಾಳು ಬೆಳೆಯುವವರು ಒಂದು ಮಾತು ನೆನಪಿಡಬೇಕು: ಹಾಗೆ ಹಿಡಿದ ಸಾರಜನಕದ ದೊಡ್ಡ ಪಾಲು ಕೊನೆಗೆ ಹೋಗಿ ಸೇರುವುದು ಕಾಳಿಗೇ. ಕಾಳನ್ನು ನಾವು ಒಳಗೆ ಒಯ್ಯುತ್ತೇವೆ. ಬುಡಕ್ಕೆ ಗಿಡ ಕತ್ತರಿಸಿ ಬೇರು ಮಣ್ಣಲ್ಲೇ ಬಿಟ್ಟು, ಹೊಟ್ಟು-ಕಡ್ಡಿಯನ್ನು ಮಡಿಗೇ ಹಾಕಿದರೆ ಒಂದಿಷ್ಟು ವಾಪಸ್ಸು ಹೋಗುತ್ತದೆ. ಮಣ್ಣಿಗೆ ಪುಕ್ಕಟೆ ಗೊಬ್ಬರ ಬೇಕಿದ್ದವರು ಹೂ ಬಿಡುವಾಗಲೇ ಗಿಡವನ್ನು ಮಣ್ಣಿಗೆ ಮಗುಚಬೇಕು; ಆಗ ಕಾಳಿಲ್ಲ. ಇಲ್ಲೂ ಅದೇ ಜಗ್ಗಾಟ.

ಒಣಗಿದ ಕಾಯಿಯನ್ನು ಬೆಳಗಿನ ಹೊತ್ತು ಬಿಡಿಸುವುದು ಒಳ್ಳೆಯದು. ಇಬ್ಬನಿಗೆ ಸಿಪ್ಪೆ ಸ್ವಲ್ಪ ಮೆತ್ತಗಾಗಿರುತ್ತದೆ. ಮಧ್ಯಾಹ್ನ ಮುಟ್ಟಿದರೆ ಚಟ್ ಅಂತ ಸಿಡಿದು ಸಿಪ್ಪೆಯ ಎರಡು ಹೋಳು ತಿರುಚಿಕೊಳ್ಳುತ್ತವೆ, ಕಾಳು ಹೋಗಿ ಬಾಳೆಬುಡದಲ್ಲಿ ಬಿದ್ದಿರುತ್ತದೆ. ಬಡಿಯುವುದು ಮಾತ್ರ ಮಧ್ಯಾಹ್ನವೇ. ಚೆನ್ನಾಗಿ ಕಾದ ಕಾಯಿಯನ್ನು ಹಳೆ ಗೋಣಿಚೀಲಕ್ಕೆ ತುಂಬಿ ಕೋಲಿನಿಂದ ನಾಲ್ಕು ಏಟು ಹಾಕಿದರೆ ಮುಗಿಯಿತು. ಕಣದ ಬಗ್ಗೆ ಆಡಿಕೊಂಡ ಅತ್ತೆ ಈ ಹೊತ್ತಿಗೆ ಮೊರ ಹಿಡಿದು ಬಂದು ಕೂತಿರುತ್ತಾರೆ. ನಾನು ಕೇರಿದರೆ ಹೊಟ್ಟಿನ ಜೊತೆ ಕಾಳೂ ಅಂಗಳಕ್ಕೆ ಹಾರುತ್ತದೆ. ಅವರು ಮೊರವನ್ನು ತುಸು ವಾಲಿಸಿ, ಅಂಗೈಯಿಂದ ಅಂಚಿಗೆ ತಟ್ಟುತ್ತ, ಹೊಟ್ಟನ್ನು ಮುಂದಕ್ಕೂ ಕಾಳನ್ನು ಹಿಂದಕ್ಕೂ ಬೇರೆ ಮಾಡುವುದನ್ನು ಪಕ್ಕದಲ್ಲಿ ಕೂತು ಎಷ್ಟು ಸಲ ನೋಡಿದರೂ ಆ ಮಣಿಕಟ್ಟಿನ ಲೆಕ್ಕ ನನ್ನ ಕೈಗೆ ಹತ್ತುವುದಿಲ್ಲ.

ಒಣಗಿದೆಯೋ ಇಲ್ಲವೋ ಅಂತ ನೋಡಲು ಕಾಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಕುಟ್ಟಬೇಕು. ಪುಡಿ ಪುಡಿಯಾದರೆ ಸರಿ. ಚಪ್ಪಟೆಯಾದರೆ ಇನ್ನೂ ಬಿಸಿಲು ಬೇಕು. ಗಾಜಿನ ಬಾಟಲಿಗೆ ಹಾಕಿ ಮುಚ್ಚಿಟ್ಟು ಮಾರನೆಯ ದಿನ ನೋಡಿದಾಗ ಒಳಗೋಡೆಗೆ ಹಬೆ ಹಿಡಿದಿದ್ದರೂ ಅದೇ ಅರ್ಥ.

ಇಷ್ಟೆಲ್ಲ ಆದ ಮೇಲೆ ಹುಳ. ಕಾಳಿಗೆ ಹುಳ ಬೀಳುವುದು ಡಬ್ಬದಲ್ಲಿ ಅಂದುಕೊಳ್ಳುವವರೇ ಹೆಚ್ಚು. ಶುರುವಾಗುವುದು ಬಹುತೇಕ ಗಿಡದ ಮೇಲೆ. ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಕಂದುಬಣ್ಣದ ದುಂಬಿ ಬಲಿತ ಕಾಯಿಯ ಮೇಲೆ ಮೊಟ್ಟೆ ಅಂಟಿಸಿ ಹೋಗಿರುತ್ತದೆ. ಮರಿ ಸಿಪ್ಪೆ ಕೊರೆದು ನೇರ ಕಾಳಿನೊಳಕ್ಕೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೇ ತಿಂದು ಬೆಳೆದು, ಒಂದು ದಿನ ಕಾಳಿಗೆ ಗುಂಡನೆಯ ಕಿಟಕಿ ಕೊರೆದು ದುಂಬಿಯಾಗಿ ಹೊರಬೀಳುತ್ತದೆ. ಅದು ಆಮೇಲೆ ಕಾಳು ತಿನ್ನುವುದಿಲ್ಲ. ಕೂಡುವುದು, ಪಕ್ಕದ ಕಾಳುಗಳ ಮೇಲೆ ಬಿಳಿ ಚುಕ್ಕೆಗಳಂತೆ ಮೊಟ್ಟೆ ಇಡುವುದು, ಸಾಯುವುದು. ಎರಡು ಮೂರು ತಲೆಮಾರು ಕಳೆಯುವಷ್ಟರಲ್ಲಿ ಡಬ್ಬದಲ್ಲಿ ಉಳಿಯುವುದು ಹಿಟ್ಟು ಮತ್ತು ತೂತು.

ಹಿಂದಿನವರು ತೊಗರಿ, ಅವರೆಗೆ ಕೆಮ್ಮಣ್ಣು ಕಟ್ಟುತ್ತಿದ್ದರು. ಕೆಮ್ಮಣ್ಣಿನ ರಾಡಿಯಲ್ಲಿ ಕಾಳು ಹೊರಳಿಸಿ ಬಿಸಿಲಿಗೆ ಒಣಗಿಸಿಟ್ಟರೆ ಹುಳಕ್ಕೆ ಮೊಟ್ಟೆ ಇಡಲು ನುಣುಪು ಜಾಗ ಸಿಗದು. ಬೂದಿ ಬೆರೆಸುವುದೂ ಅದೇ ಜಾತಿಯ ಉಪಾಯ. ಎಣ್ಣೆ ಸವರುವುದು ಇನ್ನೊಂದು. ಕಿಲೋ ಕಾಳಿಗೆ ಒಂದು ಸಣ್ಣ ಚಮಚ, ಅಂದರೆ 5 ಮಿಲಿಲೀಟರ್ ಸಾಕು, ಮೊಟ್ಟೆಗೆ ಉಸಿರಾಡಲು ಆಗದೆ ಸಾಯುತ್ತದೆ. ಹರಳೆಣ್ಣೆ ಸವರಿದ ಬೇಳೆ ಈಗಲೂ ಎಷ್ಟೋ ಮನೆಗಳಲ್ಲಿ ಇದೆ. ನಾನು ಮಾಡುವುದು ಸುಲಭದ ದಾರಿ: ಪೂರ್ತಿ ಒಣಗಿದ ಕಾಳನ್ನು ಗಾಳಿಯಾಡದ ಡಬ್ಬಕ್ಕೆ ತುಂಬಿ ಫ್ರೀಜರ್‌ನಲ್ಲಿ ಒಂದು ವಾರ ಇಟ್ಟುಬಿಡುವುದು. ಹೊರಗೆ ತೆಗೆದ ಮೇಲೆ ಡಬ್ಬ ಮನೆಯ ಶಾಖಕ್ಕೆ ಬರುವವರೆಗೆ ಮುಚ್ಚಳ ತೆಗೆಯಬಾರದು, ಇಲ್ಲದಿದ್ದರೆ ಕಾಳೆಲ್ಲ ಬೆವರುತ್ತದೆ. ಒಣಗಿದ ಕಾಳಾದರೆ ಮೊಳೆಯುವ ಶಕ್ತಿಗೂ ಧಕ್ಕೆಯಿಲ್ಲ. ಹಸಿ ಉಳಿದಿದ್ದರೆ ಮಾತ್ರ ಹುಳದ ಜೊತೆ ಬೀಜವೂ ಸತ್ತುಹೋಗುತ್ತದೆ.

ಅಡುಗೆಗೆ ಬಂದರೆ ಮನೆಯ ಕಾಳಿನ ಮೇಲುಗೈ ಎದ್ದು ಕಾಣುತ್ತದೆ. ಅಂಗಡಿಯ ಕಾಳು ಎಷ್ಟು ಹಳೆಯದೆಂದು ಹೇಳುವವರಿಲ್ಲ. ಸೆಕೆ, ತೇವ ಇರುವ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕೂತ ಕಾಳು ಒಳಗೇ ಬಿರುಸಾಗುತ್ತದೆ. ಕಾಳಿನ ಕೋಶಗಳನ್ನು ಅಂಟಿಸಿ ಹಿಡಿದ ಪೆಕ್ಟಿನ್ ಆಮೇಲೆ ಸುಲಭಕ್ಕೆ ಕರಗದು. ಎಷ್ಟು ವಿಷಲ್ ಹಾಕಿದರೂ ಹಲ್ಲಿಗೆ ಸಿಗುತ್ತದೆ. ಅದರ ಮೇಲೆ ಬೋರ್‌ವೆಲ್ಲಿನ ಗಡಸು ನೀರು ಸೇರಿದರೆ ಕೇಳಲೇಬೇಡಿ. ಚಿಟಿಕೆ ಅಡುಗೆ ಸೋಡ ಹಾಕಿದರೆ ಸ್ವಲ್ಪ ಬಗ್ಗುತ್ತದೆ. ಹುಣಸೆಹಣ್ಣು ಬೆಂದ ಮೇಲೆಯೇ ಹಾಕಬೇಕು ಅನ್ನುವುದು ಕೂಡ ಇದಕ್ಕೇ, ಹುಳಿಗೆ ಕಾಳು ಮೆತ್ತಗಾಗುವುದಿಲ್ಲ. ಫೆಬ್ರವರಿಯಲ್ಲಿ ಬಡಿದ ಅವರೆಯನ್ನು ಮಾರ್ಚ್‌ನಲ್ಲಿ ಬೇಯಿಸಿ ನೋಡಿ. ಕುಕ್ಕರ್ ಮುಚ್ಚಳ ತೆಗೆಯುವ ಹೊತ್ತಿಗೆ ಕರಗದಿದ್ದರೆ ಸಾಕಪ್ಪಾ ಅನ್ನುವ ಹಾಗಿರುತ್ತದೆ.

ಎರಡು ಎಚ್ಚರಿಕೆ ಮಾತ್ರ. ರಾಜ್ಮಾದಲ್ಲಿ, ಅದರಲ್ಲೂ ಕೆಂಪು ಕಾಳಿನಲ್ಲಿ, ಹೊಟ್ಟೆ ಕೆಡಿಸಿ ವಾಂತಿ ಮಾಡಿಸುವ ಲೆಕ್ಟಿನ್ ಇದೆ. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ತಳಮಳ ಕುದಿಸಬೇಕು. ನಮ್ಮ ಪ್ರೆಶರ್ ಕುಕ್ಕರ್‌ಗೆ ಇದು ಸಮಸ್ಯೆಯೇ ಅಲ್ಲ. ಸಣ್ಣ ಶಾಖದಲ್ಲಿ ದಿನವಿಡೀ ಬೇಯಿಸುವ ವಿದ್ಯುತ್ ಪಾತ್ರೆಗಳನ್ನು ನಂಬಿದವರು ಮೊದಲು ಬೇರೆ ಪಾತ್ರೆಯಲ್ಲಿ ಕುದಿಸಿಕೊಳ್ಳಲಿ. ಒಣ ಅವರೆಯದೂ ಹಾಗೆಯೇ, ಅದರಲ್ಲಿ ಸಯನೈಡ್ ಬಿಡುವ ಅಂಶ ಅಲ್ಪಸ್ವಲ್ಪ ಇರುತ್ತದೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ನೀರು ಬಸಿದು ಚೆಲ್ಲುವ ನಮ್ಮ ಮನೆಗಳ ರೂಢಿ ಸುಮ್ಮನೆ ಬಂದದ್ದಲ್ಲ. ಬಸ್ಸಾರಿಗೆ ಇಟ್ಟುಕೊಳ್ಳುವುದು ಆಮೇಲೆ ಬೇಯಿಸಿದ ನೀರನ್ನು.

ಇನ್ನು ಬೀಜಕ್ಕೆ ಯಾವುದು? ಅತ್ತೆ ಮೊರದಲ್ಲಿ ಕಾಳು ಹರಡಿಕೊಂಡು ದಪ್ಪ, ದುಂಡು, ಹೊಳೆಯುವ ಕಾಳುಗಳನ್ನೇ ಆರಿಸಿ ಬಿತ್ತನೆಗೆ ಅಂತ ಬದಿಗೆ ತಳ್ಳುತ್ತಾರೆ. ನೋಡಲು ನ್ಯಾಯವೆನಿಸುತ್ತದೆ. ಆದರೆ ಡೆನ್ಮಾರ್ಕಿನ ವಿಲ್‌ಹೆಲ್ಮ್ ಯೋಹಾನ್ಸೆನ್ ಸರಿಯಾಗಿ ಇದನ್ನೇ ಬೀನ್ಸ್ ಕಾಳಿನ ಮೇಲೆ ಪರೀಕ್ಷಿಸಿ 1903ರಲ್ಲಿ ಬರೆದ. ಬೀನ್ಸ್ ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟುವ ಗಿಡ. ಒಂದು ಕಾಳಿನಿಂದ ಹುಟ್ಟಿದ ಗಿಡದ ಸಂತಾನದಲ್ಲಿ ದಪ್ಪ ಕಾಳನ್ನೂ ಸಣ್ಣ ಕಾಳನ್ನೂ ಬೇರೆ ಬೇರೆ ಬಿತ್ತಿ, ಬಂದ ಕಾಳುಗಳನ್ನು ತೂಗಿದ. ಸರಾಸರಿ ತೂಕದಲ್ಲಿ ವ್ಯತ್ಯಾಸವೇ ಬರಲಿಲ್ಲ. ಒಂದೇ ಗಿಡದಲ್ಲಿ ಒಂದು ಕಾಳು ದಪ್ಪ ಇನ್ನೊಂದು ಸಣ್ಣ ಆಗುವುದು ಕಾಯಿಯಲ್ಲಿ ಸಿಕ್ಕ ಜಾಗ, ಅನ್ನ, ನೀರಿನಿಂದ. ಅದು ಮುಂದಿನ ತಲೆಮಾರಿಗೆ ದಾಟುವುದಿಲ್ಲ. ಮುಂದೆ 1909ರಲ್ಲಿ “ಜೀನ್” ಅನ್ನುವ ಪದವನ್ನು ಕೊಟ್ಟವನೂ ಈತನೇ. ಅಂದರೆ ಬೀಜಕ್ಕೆ ಆರಿಸಬೇಕಾದದ್ದು ಮೊರದಲ್ಲಿ ಕೂತಲ್ಲ, ಗಿಡದ ಮುಂದೆ ನಿಂತು. ಮೊದಲು ಹೂ ಬಿಟ್ಟ ಗಿಡ, ಹೇನು ಹತ್ತಿದರೂ ಚೇತರಿಸಿಕೊಂಡ ಗಿಡ, ಗೊಂಚಲಿಗೆ ಹೆಚ್ಚು ಕಾಯಿ ಹಿಡಿದ ಗಿಡ. ಅವುಗಳ ಸಣ್ಣ ಕಾಳೂ ಬೀಜವೇ. ಅವರೆಯ ಹೂವಿಗೆ ದೊಡ್ಡ ಕಪ್ಪು ದುಂಬಿಗಳು ಬಂದು ಹೋಗುವುದರಿಂದ ಒಂದಿಷ್ಟು ಬೆರಕೆ ಆಗುತ್ತದೆ, ಕೆನೆ ಬಣ್ಣದ ಕಾಳಿನ ನಡುವೆ ಒಮ್ಮೊಮ್ಮೆ ಕಂದು ಕಾಳು ಇಣುಕುತ್ತದೆ. ಅಂಥದ್ದನ್ನು ಬೇರೆಯಾಗಿ ಕಟ್ಟಿಡುತ್ತೇನೆ, ಏನಾಗುತ್ತದೋ ನೋಡೋಣ ಅಂತ.

ಇದನ್ನೆಲ್ಲ ಅತ್ತೆಗೆ ಹೇಳಿದೆ. “ಇರಬೋದಮ್ಮ. ಆದ್ರೆ ಸಣ್ಣ ಕಾಳು ಬಿತ್ತಿದ್ರೆ ಸಸಿ ಸಣಕಲಾಗೇ ಏಳುತ್ತೆ, ನೀನೇ ನೋಡು” ಅಂದರು. ಅದೂ ಸುಳ್ಳಲ್ಲ. ದಪ್ಪ ಕಾಳಿನಲ್ಲಿ ಬುತ್ತಿ ಜಾಸ್ತಿ, ಸಸಿ ಜೋರಾಗಿ ಏಳುತ್ತದೆ. ಹಾಗಾಗಿ ಈಗ ನಮ್ಮದು ರಾಜಿ: ಗಿಡವನ್ನು ನಾನು ಆರಿಸುತ್ತೇನೆ, ಆ ಗಿಡದ ಕಾಳಿನಲ್ಲಿ ಅವರು ಆರಿಸುತ್ತಾರೆ.

ಬೀಜದ ಡಬ್ಬ ಅಡುಗೆಮನೆಯಲ್ಲಿ ಇರುವುದಿಲ್ಲ, ಬೀರುವಿನಲ್ಲಿ ಇರುತ್ತದೆ. ಇಷ್ಟಾದರೂ ಮಾರ್ಚ್ ಏಪ್ರಿಲ್‌ನಲ್ಲಿ ಅಡುಗೆಯ ಡಬ್ಬ ಬರಿದಾದಾಗ ಮನೆಯಲ್ಲಿ ಒಂದು ಮಾತುಕತೆ ಆಗಿಯೇ ಆಗುತ್ತದೆ. ಬಿತ್ತನೆಗೆ ಬೇಕಿರುವುದು ಎರಡು ಹಿಡಿ, ಇಟ್ಟಿರುವುದು ನಾಲ್ಕು ಹಿಡಿ. ಮೊಳಕೆ ಸರಿಯಿದ್ದರೆ ಎರಡು ಹಿಡಿ ಬೇಯಿಸಿದರೆ ಏನು ತಪ್ಪು? ಇದಕ್ಕೊಂದು ಪರೀಕ್ಷೆ ಇದೆ. ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೂರು ನಾಲ್ಕು ದಿನ ಇಡುವುದು. ಎಂಟಕ್ಕಿಂತ ಹೆಚ್ಚು ಮೊಳೆತರೆ ಹೆಚ್ಚುವರಿ ಕಾಳು ಅಡುಗೆಮನೆಗೆ, ಕಡಿಮೆಯಾದರೆ ಅಷ್ಟೂ ಮಡಿಗೆ. ಹೋದ ಸಲ ಬಟ್ಟೆ ಬಿಚ್ಚಿ ನೋಡಿದಾಗ ಒಂಬತ್ತು ಮೊಳೆತಿದ್ದವು. ಅವನ್ನು ಕುಂಡಕ್ಕೆ ಊರೋಣವೆಂದು ಸಂಜೆ ಹುಡುಕಿದರೆ ಬಟ್ಟೆ ತಂತಿಯ ಮೇಲೆ ಒಣಗುತ್ತಿತ್ತು, ಕಾಳು ಆಗಲೇ ಸಾರಿನಲ್ಲಿ ಬೆಂದಿದ್ದವು, ಮೊಳೆಯದೆ ಉಳಿದ ಹತ್ತನೆಯದೂ ಸೇರಿ.